ಆಂಸ್ಟರ್‌ಡ್ಯಾಮ್‌: ಮೊದಲು ಕಾರ್ಟೂನ್ ನೋಡಿ, ಆಮೇಲೆ ಕಟ್ಟಡ

ಹಳೇ ಡಚ್ ರಾಜಕೀಯ ಕಾರ್ಟೂನ್ ನೋಡುವ ಆಸೆಯಿಂದ ಆಂಸ್ಟರ್‌ಡ್ಯಾಮ್‌ಗೆ ಹೊರಟಿದ್ದರೆ, ನಾನು ಮಾಡಿದ ತಪ್ಪು ಮಾಡಬೇಡಿ. ರೈಕ್ಸ್‌ಮ್ಯೂಸಿಯಂನ ಗೋಡೆ ಮೇಲೆ ಇರುತ್ತವೆ ಅಂತ ಸುಮ್ನೆ ಎರಡು ಗಂಟೆ ಅಲೆದೆ. ಒಂದೂ ಸಿಗಲಿಲ್ಲ. ಕಾಗದದ ಚಿತ್ರಗಳು ಬೆಳಕಿಗೆ ಮಾಸುತ್ತವೆ ಅಲ್ವಾ, ಹಾಗಾಗಿ ಹೆಚ್ಚಿನವು ಕತ್ತಲ ಕೋಣೆಯಲ್ಲೇ ಇರುತ್ತವೆ. ಹೊರಡುವ ಮುಂಚೆ ಮ್ಯೂಸಿಯಂ ವೆಬ್‌ಸೈಟಿನಲ್ಲಿ 'ಸ್ಪಾಟ್‌ಪ್ರೆಂಟ್' ಅಂತ ಹುಡುಕಿ. ಕಾರ್ಟೂನಿಗೆ ಡಚ್ಚರ ಪದ ಅದು. ಸ್ಪೆಲ್ಲಿಂಗ್ ಎಸ್‌-ಪಿ-ಓ-ಟಿ-ಪಿ-ಆರ್‌-ಇ-ಎನ್‌-ಟಿ. 'ದೆ ಆಂಸ್ಟರ್‌ಡಾಮರ್' ವಾರಪತ್ರಿಕೆಗೆ ಯೋಹಾನ್ ಬ್ರಾಕೆನ್ಸೀಕ್ ಅನ್ನೋ ಕಾರ್ಟೂನಿಸ್ಟ್ ಬರೆದ ಚಿತ್ರಗಳನ್ನು ಮಾತ್ರ ಬಿಡಬೇಡಿ.

ಮಜಾ ಏನು ಗೊತ್ತಾ, ನಾನು ಅಲೆದಾಡಿದ ಆ ಕಟ್ಟಡವೇ ಆಗಿನವರಿಗೆ ಗೇಲಿಯ ವಸ್ತು. 1885ರಲ್ಲಿ ಅದು ತೆರೆದಾಗ ಜನ 'ಬಿಷಪ್ಪನ ಅರಮನೆ' ಅಂತ ಆಡಿಕೊಂಡರು. ಕಟ್ಟಿದ ಪಿಯೆರ್ ಕೌಪರ್ಸ್ ಕ್ಯಾಥೊಲಿಕ್, ಬೆನ್ನಿಗೆ ನಿಂತ ಸರ್ಕಾರಿ ಅಧಿಕಾರಿ ವಿಕ್ಟರ್ ದೆ ಸ್ಟೂರ್ಸ್ ಕೂಡ ಕ್ಯಾಥೊಲಿಕ್, ಪ್ರಾಟೆಸ್ಟಂಟರೇ ಜಾಸ್ತಿ ಇದ್ದ ದೇಶದಲ್ಲಿ ಸರ್ಕಾರದ ದುಡ್ಡಲ್ಲಿ ಚರ್ಚ್ ಕಟ್ಟುತ್ತಿದ್ದಾರೆ ಅನ್ನೋ ಗುಮಾನಿ ಬರದೆ ಇರುತ್ತದೆಯೇ? ರಾಜ ಮೂರನೇ ವಿಲ್ಲೆಮ್ ಅಂತೂ 'ಆ ಮಠದೊಳಗೆ ಕಾಲಿಡಲ್ಲ' ಅಂದನಂತೆ. ಮೇಲಿನ ದೊಡ್ಡ ಹಾಲ್‌ಗೆ ಹೋಗಿ ನಿಂತರೆ ರಾಜನ ಮಾತು ಅರ್ಥವಾಗುತ್ತದೆ. ಬಣ್ಣದ ಗಾಜು, ಗೋಡೆ ತುಂಬ ಚಿತ್ರ. ಮುಂದೆ ಈ ಅಲಂಕಾರಕ್ಕೆಲ್ಲ ಬಿಳಿ ಬಣ್ಣ ಬಳಿದಿದ್ದರು, 2013ಕ್ಕೆ ಮುಗಿದ ದುರಸ್ತಿಯಲ್ಲಿ ಮತ್ತೆ ಮೂಡಿಸಿದ್ದಾರೆ.

ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ, ಸಮಯ ಆರಿಸಿ ತೆಗೆದುಕೊಳ್ಳಿ. ಬೆಳಿಗ್ಗೆ 9ಕ್ಕೇ ಹೋಗಿ. 18 ವರ್ಷದೊಳಗಿನವರಿಗೆ ಉಚಿತ. ಕಟ್ಟಡದ ಹೊಟ್ಟೆಯೊಳಗೇ ಹಾದುಹೋಗುವ ದಾರಿಗೆ ಟಿಕೆಟ್ ಬೇಡ, ಆದರೆ ಫೋಟೋ ತೆಗೆಯುತ್ತಾ ಮಧ್ಯ ನಿಂತರೆ ಸೈಕಲ್‌ನವರು ಬಿಡಲ್ಲ.

ಅಲ್ಲಿಂದ 2ನೇ ನಂಬರ್ ಟ್ರಾಮ್ ಹತ್ತಿ ಸೆಂಟ್ರಲ್ ಸ್ಟೇಷನ್ನಿಗೆ ಬನ್ನಿ. ಹತ್ತುವಾಗ, ಇಳಿಯುವಾಗ ಎರಡೂ ಸಲ ಬ್ಯಾಂಕ್ ಕಾರ್ಡ್ ತಾಗಿಸಬೇಕು. ಸ್ಟೇಷನ್ ನೋಡಿದ ಕೂಡಲೇ ಮ್ಯೂಸಿಯಂನ ತಮ್ಮನ ಹಾಗೆ ಕಾಣುತ್ತದೆ, ಯಾಕಂದರೆ ಇದೂ ಕೌಪರ್ಸ್ ಕೈಕೆಲಸ. 1889ರಲ್ಲಿ ತೆರೆದದ್ದು. ನೀರಲ್ಲಿ ಮಣ್ಣು ತುಂಬಿ ಮೂರು ದ್ವೀಪ ಮಾಡಿ, 8,687 ಮರದ ಕಂಬ ಹೂತು ಅದರ ಮೇಲೆ ಎಬ್ಬಿಸಿದ್ದಾರೆ. ಊರಿಗೂ ಬಂದರಿಗೂ ನಡುವೆ ಗೋಡೆ ಎದ್ದಂತಾಯಿತು ಅಂತ ಊರವರಿಗೆ ಸಿಟ್ಟು. ಜಾಗ ಆರಿಸಿದ್ದು ಊರವರಲ್ಲ, ಹೇಗ್‌ನಲ್ಲಿ ಕೂತ ಸರ್ಕಾರ. ಎದುರಿನ ಚೌಕದಲ್ಲಿ ನಿಂತು ಹಿಂದಿನ ನೀರು ಕಾಣುತ್ತದಾ ನೋಡಿ, ಅವರ ಸಿಟ್ಟು ನ್ಯಾಯವೇ ಅನಿಸುತ್ತದೆ.

ಇನ್ನೊಂದು ವಿಷಯ. ಸ್ಟೇಷನ್ನಿನ ಎಡಗಡೆ ಗೋಪುರದಲ್ಲಿರುವುದು ಗಡಿಯಾರ ಅಲ್ಲ, ಗಾಳಿಯ ದಿಕ್ಕು ತೋರಿಸುವ ಮುಳ್ಳು. ನಾನು ಅದನ್ನೇ ನೋಡಿ, ರೈಲಿಗೆ ಇನ್ನೂ ಟೈಮಿದೆ ಅಂತ ಆರಾಮಾಗಿ ಕಾಫಿ ಕುಡಿಯುತ್ತಾ ಕೂತಿದ್ದೆ.