ಆರುನೂರು ಡಾಲರ್ ಸಂಬಳದ ಸೆನೆಟರ್

ನಿನ್ನೆ ಆಸ್ಟಿನ್‌ಗೆ ಹೋಗಿದ್ದೆವು, ಟೆಕ್ಸಾಸ್ ಕ್ಯಾಪಿಟಲ್, ಅಂದರೆ ಆ ರಾಜ್ಯದ ವಿಧಾನಸೌಧ ನೋಡೋಣ ಅಂತ. ಗ್ಯಾಲರಿಯಿಂದ ಬಗ್ಗಿ ನೋಡಿದರೆ ರಾಜ್ಯದ ಮೇಲ್ಮನೆ ಸೆನೆಟ್‌ನ ಹಾಲ್ ಪೂರ್ತಿ ಖಾಲಿ. ಸಾಲಾಗಿ ಹಳೇ ಮರದ ಮೇಜುಗಳು, ಅಷ್ಟೇ. "ಎಲ್ರೂ ಎಲ್ಲಿಗೆ ಹೋದ್ರಪ್ಪಾ?" ಅಂದಳು ಮಗಳು. ಸೆನೆಟರ್‌ಗಳು ಇರೋದೇ 31 ಜನ. ಮಾಮೂಲಿ ಅಧಿವೇಶನ ಎರಡು ವರ್ಷಕ್ಕೊಮ್ಮೆ, ಜಾಸ್ತಿ ಅಂದರೆ 140 ದಿನ. ಸಂಬಳ ತಿಂಗಳಿಗೆ 600 ಡಾಲರ್! ನಮ್ಮ ಬಾಡಿಗೆಯ ಅರ್ಧಕ್ಕೂ ಸಾಲಲ್ಲ. ಅಧಿವೇಶನದ ದಿನಗಳಿಗೆ ಭತ್ಯೆ ಬೇರೆ ಇದೆ ಬಿಡಿ.

ಅವಧಿ 4 ವರ್ಷ. ಆದರೆ ಕ್ಷೇತ್ರಗಳ ಗಡಿ ಹೊಸದಾಗಿ ಎಳೆದ ಮೇಲೆ 31 ಸೀಟಿಗೂ ಒಟ್ಟಿಗೇ ಚುನಾವಣೆ. ಆಮೇಲೆ ಗೆದ್ದವರು ಚೀಟಿ ಎತ್ತಬೇಕು. ಸುಮಾರು ಅರ್ಧ ಜನಕ್ಕೆ 2 ವರ್ಷ, ಉಳಿದವರಿಗೆ 4. ನನಗೆ ಅಮ್ಮನ ಚೀಟಿ ವ್ಯವಹಾರ ನೆನಪಾಯಿತು. ಎತ್ತುವಾಗ ಇವರ ಕೈಯೂ ಸ್ವಲ್ಪ ನಡುಗುತ್ತೆ ಅಲ್ವಾ?