ದಿಲ್ಲಿಯಿಂದ ಅಗ್ಗ, ಬೆಳಗಾವಿಯಿಂದ ಎಷ್ಟು?

ಬೆಳಗಾವಿಯ ಉದ್ಯಮಬಾಗದ ಒಂದು ಮಧ್ಯಮ ಗಾತ್ರದ ಫೌಂಡ್ರಿಯಲ್ಲಿ, ಅಂದರೆ ಲೋಹದ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ನಾನು ಹದಿನಾಲ್ಕು ವರ್ಷಗಳಿಂದ ಆಡಳಿತ ವಿಭಾಗದ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಹಾಜರಿ, ಕ್ಯಾಂಟೀನಿನ ಗುತ್ತಿಗೆ, ವಿಮೆಯ ಕಾಗದಪತ್ರಗಳ ಜೊತೆಗೆ, ವಿದೇಶಕ್ಕೆ ಹೋಗುವವರ ಟಿಕೆಟ್ ತೆಗೆಸುವ ಹೊಣೆಯೂ ನನ್ನದೇ. ಆ ಕೆಲಸಕ್ಕೆಂದು ನಮ್ಮಲ್ಲಿ ಬೇರೆ ಸಿಬ್ಬಂದಿ ಇಲ್ಲ. ವರ್ಷಕ್ಕೆ ಐದಾರು ಪ್ರಯಾಣಗಳಾದರೆ ಹೆಚ್ಚು. ಆದರೆ ಆ ಐದಾರರಲ್ಲಿ ಒಂದು ನನಗೆ ಕಲಿಸಿದ ಲೆಕ್ಕವನ್ನು ಹಾಜರಿ ಪುಸ್ತಕ ಇಷ್ಟು ವರ್ಷಗಳಲ್ಲಿ ಕಲಿಸಿಲ್ಲ.

ನಮ್ಮ ಊರಿನವರಿಗೆ ಯುರೋಪಿಗೆ ಹೋಗುವುದೆಂದರೆ ಮೊದಲು ಇನ್ನೊಂದು ಊರಿಗೆ ಹೋಗುವುದು. ನಮ್ಮ ಸಾಂಬ್ರಾ ವಿಮಾನ ನಿಲ್ದಾಣದಿಂದ ದೇಶದೊಳಗಿನ ಕೆಲವೇ ನಗರಗಳಿಗೆ ವಿಮಾನಗಳಿವೆ. ಮುಂಬೈ, ಬೆಂಗಳೂರು ಎರಡೂ ಹೆಚ್ಚುಕಡಿಮೆ 500 ಕಿಲೋಮೀಟರ್. ಒಂದು ವಾಯವ್ಯಕ್ಕೆ, ಇನ್ನೊಂದು ಆಗ್ನೇಯಕ್ಕೆ. ಹೀಗಾಗಿ ಪ್ರಯಾಣ ಎಲ್ಲಿಂದ ಆರಂಭವಾಗಬೇಕು ಎಂಬ ಪ್ರಶ್ನೆ ಮುಂಬೈಯವರಿಗೆ ಏಳುವುದೇ ಇಲ್ಲ, ನಮಗೆ ಪ್ರತಿ ಸಲವೂ ಏಳುತ್ತದೆ. ಹೇಗಿದ್ದರೂ ಮನೆ ಬಿಟ್ಟು ಇನ್ನೊಂದು ಊರಿಗೆ ಹೋಗಲೇಬೇಕು ಎಂದಾದ ಮೇಲೆ, ಆ ಊರು ಮುಂಬೈಯೇ ಏಕಾಗಬೇಕು, ದಿಲ್ಲಿ ಏಕಾಗಬಾರದು ಎಂಬ ಯೋಚನೆ ತಾನಾಗಿಯೇ ಬರುತ್ತದೆ. ನನ್ನ ತಪ್ಪು ಮೊದಲಾದದ್ದೂ ಅಲ್ಲಿಂದಲೇ.

ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಜಿಫಾ ಮೇಳವು ಎರಕದ ಕಸುಬಿನವರ ಪಾಲಿಗೆ ದೊಡ್ಡ ಜಾತ್ರೆ. 2023ರಲ್ಲಿ ಅದು ಜೂನ್ 12ರಿಂದ 16ರವರೆಗೆ ಇತ್ತು. ನಮ್ಮಿಂದ ಮೂವರು ಹೊರಟಿದ್ದರು: ವರ್ಕ್ಸ್ ಮ್ಯಾನೇಜರ್, ಅಚ್ಚಿನ ಮಾದರಿಗಳನ್ನು ಮಾಡುವ ಪ್ಯಾಟರ್ನ್ ವಿಭಾಗದ ಹಿರಿಯರು ಮತ್ತು ಗುಣಮಟ್ಟ ವಿಭಾಗದ ಒಬ್ಬ ಯುವ ಎಂಜಿನಿಯರ್. ಕೊಲ್ಲಿಯ ಒಂದು ನಗರದಲ್ಲಿ ವಿಮಾನ ಬದಲಿಸಿ ಹೋಗಿಬರುವ ಟಿಕೆಟ್ಟಿಗೆ ಮುಂಬೈಯಿಂದ ತಲಾ 71,000 ರೂಪಾಯಿ ಇದ್ದರೆ, ದಿಲ್ಲಿಯಿಂದ 52,000 ಇತ್ತು. ಮೂವರಿಗೆ 57,000 ರೂಪಾಯಿ ಉಳಿತಾಯ. ನಾನು ಆ ಅಂಕಿಯನ್ನು ದಪ್ಪ ಅಕ್ಷರದಲ್ಲಿ ಬರೆದು ಮಾಲೀಕರ ಮುಂದಿಟ್ಟು, ಶಹಬ್ಬಾಸ್‌ಗಿರಿ ಪಡೆದು, ಅಂದೇ ಟಿಕೆಟ್ ತೆಗೆಸಿದೆ.

ದೂರದ ದಿಲ್ಲಿಯಿಂದ ದರ ಕಡಿಮೆ ಇರುವುದೇಕೆ ಎಂದು ನಮ್ಮ ಲೆಕ್ಕಪತ್ರ ವಿಭಾಗದವರು ಆಗಲೇ ಕೇಳಿದ್ದರು, ಮತ್ತು ಆ ಪ್ರಶ್ನೆಗೆ ಉತ್ತರ ಫೌಂಡ್ರಿಯಲ್ಲಿ ಕೆಲಸ ಮಾಡುವವರಿಗೆ ಕಷ್ಟವೇನಲ್ಲ. ನಾವು ಕಾಸ್ಟಿಂಗ್‌ನ, ಅಂದರೆ ಎರಕ ಹೊಯ್ದ ಭಾಗದ, ದರವನ್ನು ಕಿಲೋ ಲೆಕ್ಕದಲ್ಲಿ ಹೇಳುತ್ತೇವೆ. ಆದರೆ ಅದೇ ತೂಕದ, ಅದೇ ದರ್ಜೆಯ ಕಬ್ಬಿಣದ ಎರಡು ಭಾಗಗಳಿಗೆ ಇಬ್ಬರು ಗಿರಾಕಿಗಳಿಂದ ಒಂದೇ ದರ ಸಿಗುವುದಿಲ್ಲ. ಯಾರಿಗೆ ಎಷ್ಟು ಅವಸರ, ಎದುರಿಗೆ ಎಷ್ಟು ಜನ ಪೈಪೋಟಿದಾರರು, ಗಿರಾಕಿ ಎಷ್ಟರವರೆಗೆ ಚೌಕಾಸಿ ಮಾಡಬಲ್ಲ ಎಂಬುದರ ಮೇಲೆ ದರ ನಿಲ್ಲುತ್ತದೆ. ವಿಮಾನಯಾನ ಕಂಪನಿಗಳು ಮಾರುವುದೂ ಕಿಲೋಮೀಟರನ್ನಲ್ಲ. ಹೊರಡುವ ಊರು ಮತ್ತು ತಲುಪುವ ಊರು ಎಂಬ ಜೋಡಿಯನ್ನು. ಕೊಲ್ಲಿಯಿಂದ ಡ್ಯೂಸೆಲ್‌ಡಾರ್ಫ್‌ಗೆ ಹಾರುವ ವಿಮಾನದಲ್ಲಿ ಅಕ್ಕಪಕ್ಕ ಕುಳಿತ ಇಬ್ಬರಲ್ಲಿ ದಿಲ್ಲಿಯಿಂದ ಬಂದವನು ಕಡಿಮೆ ಕೊಟ್ಟಿರಬಹುದು, ಅವನಿಗಿಂತ ಹತ್ತಿರದಿಂದ ಹತ್ತಿದವನು ಹೆಚ್ಚು ಕೊಟ್ಟಿರಬಹುದು. ಯಾವ ಊರಿನಿಂದ ಯುರೋಪಿಗೆ ನಾಲ್ಕೈದು ಕಂಪನಿಗಳು ಸ್ಪರ್ಧೆಗೆ ಬಿದ್ದಿವೆಯೋ ಆ ಊರಿನ ದರ ಇಳಿಯುತ್ತದೆ. ಕೆಲವೆಡೆ ಕಾರಣ ತೆರಿಗೆಯೂ ಆಗಿರುತ್ತದೆ. ಬ್ರಿಟನ್ನಿನಿಂದ ಹೊರಡುವ ಪ್ರಯಾಣಿಕರ ಮೇಲೆ 1994ರಿಂದ ವಿಮಾನ ಪ್ರಯಾಣದ ಸುಂಕವಿದೆ, ದೂರ ಹೆಚ್ಚಿದಂತೆ ಅದೂ ಏರುತ್ತದೆ. ಹಾಗಾಗಿ ಲಂಡನ್ನಿನವರಲ್ಲಿ ಕೆಲವರು ಡಬ್ಲಿನ್‌ಗೋ ಆಮ್‌ಸ್ಟರ್‌ಡಾಮ್‌ಗೋ ಹೋಗಿ ಅಲ್ಲಿಂದ ದೂರದ ಪ್ರಯಾಣ ಆರಂಭಿಸುವುದುಂಟು. ಅಂದರೆ ಅಗ್ಗದ ದರದಲ್ಲಿ ಮೋಸವೇನೂ ಇರಲಿಲ್ಲ. ಅದು ದಿಲ್ಲಿಯವರಿಗೆಂದು ಇಟ್ಟ ದರ. ನಾವು ದಿಲ್ಲಿಯವರಲ್ಲ, ಅಷ್ಟೇ.

ದಿಲ್ಲಿಯವರಾಗಲು ಎಷ್ಟು ಖರ್ಚಾಗುತ್ತದೆ ಎಂಬುದನ್ನು ನಾನು ಟಿಕೆಟ್ ತೆಗೆದ ಮೇಲೆ ಕೂಡಿಸಿದೆ. ಆಗ ಅನುಕೂಲವಾಗಿ ಕಂಡದ್ದು ಆ ವರ್ಷದ ಜನವರಿ 5ರಂದು ಸಂಚಾರ ಆರಂಭಿಸಿದ್ದ ಗೋವಾದ ಮೋಪಾ ನಿಲ್ದಾಣ. ಮೋಪಾದಿಂದ ದಿಲ್ಲಿಗೆ ಹೋಗಿಬರಲು ತಲಾ 13,500, ಮೂವರಿಗೆ 40,500. ಚೋರ್ಲಾ ಘಾಟಿನ ಮೇಲೆ ಕಾರು, ಬಿಡಲು ಒಮ್ಮೆ, ಕರೆತರಲು ಒಮ್ಮೆ, 11,000. ಇವೆರಡನ್ನು ನಾನು ಅಂದಾಜಿಸಿದ್ದೆ. ಅಂದಾಜಿಸದೆ ಬಿಟ್ಟದ್ದು ಲಗೇಜು. ನಮ್ಮವರು ಮೇಳದಲ್ಲಿ ತೋರಿಸಲು ಪಂಪಿನ ಹೊರಕವಚದ (ಪಂಪ್ ಹೌಸಿಂಗ್) ಎರಡು ಮಾದರಿಗಳನ್ನೂ ಕೆಲವು ಸಣ್ಣ ಕವಾಟದ ಭಾಗಗಳನ್ನೂ ಪೆಟ್ಟಿಗೆಗಳಲ್ಲಿ ಹಂಚಿಕೊಂಡು ಒಯ್ಯುತ್ತಿದ್ದರು. ಅಂತಾರಾಷ್ಟ್ರೀಯ ಟಿಕೆಟ್ಟಿನಲ್ಲಿ ತಲಾ 30 ಕಿಲೋಗೆ ಅವಕಾಶವಿತ್ತು, ದೇಶದೊಳಗಿನ ಟಿಕೆಟ್ಟಿನಲ್ಲಿ 15 ಕಿಲೋಗೆ ಮಾತ್ರ. ಒಂದೇ ಟಿಕೆಟ್ಟಿನಲ್ಲಿ ಎರಡೂ ಹಾರಾಟಗಳು ಸೇರಿದ್ದರೆ ಸಾಮಾನ್ಯವಾಗಿ ದೊಡ್ಡ ಮಿತಿಯೇ ಪೂರ್ತಿ ದಾರಿಗೆ ನಡೆಯುತ್ತದೆ. ಟಿಕೆಟ್ ಬೇರೆ ಬೇರೆಯಾದ ಕೂಡಲೇ ಪ್ರತಿ ಕಂಪನಿ ತನ್ನ ತಕ್ಕಡಿಯನ್ನು ತಾನೇ ಹಿಡಿಯುತ್ತದೆ. ಮೋಪಾದ ಕೌಂಟರಿನಲ್ಲಿ ಹೆಚ್ಚುವರಿ ತೂಕಕ್ಕೆ ಕಟ್ಟಿದ್ದು 15,500 ರೂಪಾಯಿ. ಕಬ್ಬಿಣವನ್ನು ಮಾರಿದಾಗಲೂ ನಮಗೆ ಕಿಲೋಗೆ ಅಷ್ಟು ಬಂದದ್ದಿಲ್ಲ ಎಂದು ಪ್ಯಾಟರ್ನ್ ವಿಭಾಗದ ಹಿರಿಯರು ಫೋನಿನಲ್ಲಿ ನಕ್ಕರು. ನನಗೆ ನಗು ಬರಲಿಲ್ಲ.

ಎಲ್ಲವನ್ನೂ ಕೂಡಿಸಿದರೆ ದಿಲ್ಲಿಯ ದಾರಿಗೆ 2,23,000 ರೂಪಾಯಿ. ಮುಂಬೈಯ ದಾರಿ ಹಿಡಿದಿದ್ದರೆ ಟಿಕೆಟ್ಟಿಗೆ 2,13,000, ರಾತ್ರಿಯ ಸ್ಲೀಪರ್ ಬಸ್ಸಿಗೆ ಹೋಗಿಬರಲು ಮೂವರಿಗೆ 8,400, ಅಲ್ಲಿ ಟ್ಯಾಕ್ಸಿಗೆ 3,600, ಒಟ್ಟು 2,25,000. ದಪ್ಪ ಅಕ್ಷರದ 57,000 ರೂಪಾಯಿ, ವಿಮಾನ ಏರುವ ಮೊದಲೇ ಕರಗಿ 2,000ಕ್ಕೆ ಇಳಿದಿತ್ತು.

ಆ 2,000 ಕೂಡ ಉಳಿಯಲಿಲ್ಲ. ಜೂನ್ 10ರ ರಾತ್ರಿ 11.15ಕ್ಕೆ ದಿಲ್ಲಿ ಮುಟ್ಟಿ, 11ರ ಬೆಳಗಿನ ಜಾವ 4.15ರ ವಿಮಾನ ಹಿಡಿಯುವುದು ನಾನು ಮಾಡಿದ ಏರ್ಪಾಡು. ಐದು ಗಂಟೆಗಳ ಅಂತರ ಧಾರಾಳವೆಂದೇ ಅಂದುಕೊಂಡಿದ್ದೆ. ಅದೇ ವಾರ ಅರಬ್ಬಿ ಸಮುದ್ರದಲ್ಲಿ ಬಿಪರ್‌ಜಾಯ್ ಚಂಡಮಾರುತ ಎದ್ದಿತ್ತು. ಕರಾವಳಿಯ ನಿಲ್ದಾಣವನ್ನು ಜೂನ್ ತಿಂಗಳಿನಲ್ಲಿ ನೆಚ್ಚಿಕೊಳ್ಳುವಾಗ ಮಳೆಗಾಲವನ್ನು ಮರೆತವನಿಗೆ ಹವಾಮಾನವನ್ನು ದೂರುವ ಹಕ್ಕಿಲ್ಲ. ವಿಮಾನ ಸುಮಾರು ಮೂರೂವರೆ ಗಂಟೆ ತಡವಾಗಿ, 2.50ಕ್ಕೆ ದಿಲ್ಲಿಯ ಒಂದನೇ ಟರ್ಮಿನಲ್‌ನಲ್ಲಿ ಇಳಿಯಿತು. ಅಂತಾರಾಷ್ಟ್ರೀಯ ವಿಮಾನ ಹೊರಡುವುದು ಮೂರನೇ ಟರ್ಮಿನಲ್‌ನಿಂದ. ಅದಕ್ಕೆ ರಸ್ತೆಯ ಮೇಲೆ ವಾಹನ ಹಿಡಿದೇ ಹೋಗಬೇಕು. ಪೆಟ್ಟಿಗೆಗಳು ಬೆಲ್ಟಿಗೆ ಬರುವವರೆಗೆ ಕಾಯ್ದು, ಅವನ್ನು ಹೊತ್ತು ಅವರು ಅಲ್ಲಿಗೆ ತಲುಪಿದಾಗ 3.50. ಚೆಕ್-ಇನ್ ಕೌಂಟರು ಹಾರಾಟಕ್ಕೆ ಒಂದು ಗಂಟೆ ಮೊದಲೇ ಮುಚ್ಚಿತ್ತು.

ಮೋಪಾದಿಂದ ಡ್ಯೂಸೆಲ್‌ಡಾರ್ಫ್‌ವರೆಗೆ ಒಂದೇ ಟಿಕೆಟ್ ಆಗಿದ್ದರೆ ಮುಂದಿನ ವಿಮಾನದಲ್ಲಿ ಜಾಗ ಕೊಡಿಸುವುದು ಕಂಪನಿಯ ಹೊಣೆಯಾಗುತ್ತಿತ್ತು. ಇಲ್ಲಿ ಮೊದಲನೆಯ ಕಂಪನಿ ನಮ್ಮವರನ್ನು ದಿಲ್ಲಿಗೆ ತಲುಪಿಸಿ ತನ್ನ ಕರಾರು ಮುಗಿಸಿತ್ತು. ಎರಡನೆಯ ಕಂಪನಿಯ ಲೆಕ್ಕದಲ್ಲಿ ನಮ್ಮವರು ಹೇಳದೆ ಕೇಳದೆ ತಪ್ಪಿಸಿಕೊಂಡ ಪ್ರಯಾಣಿಕರು. ಇಬ್ಬರೂ ನಿಯಮದ ಪ್ರಕಾರವೇ ನಡೆದುಕೊಂಡರು. ಇನ್ನೂ ಒಂದು ಮಾತು ಅಂದೇ ನನಗೆ ತಿಳಿದದ್ದು: ಹೋಗುವ ಹಾರಾಟವನ್ನು ತಪ್ಪಿಸಿಕೊಂಡರೆ, ಮುಂದಿನವೆಲ್ಲ, ಮರಳುವ ಟಿಕೆಟ್ಟೂ ಸೇರಿ, ರದ್ದಾಗುತ್ತವೆ. ಆದ್ದರಿಂದ ದಂಡ ಮತ್ತು ದರದ ವ್ಯತ್ಯಾಸ ಕಟ್ಟಿ ಇಡೀ ಟಿಕೆಟ್ಟನ್ನೇ ಮರುಹೊಂದಿಸಬೇಕಾಯಿತು. ತಲಾ 24,000, ಮೂವರಿಗೆ 72,000. ಮೇಲೆ ಹೋಟೆಲಿನ ಬಾಡಿಗೆ. ಅವರು ಮೇಳ ಮುಟ್ಟಿದ್ದು 12ರ ಇಳಿಹೊತ್ತಿಗೆ. ಅಂದು ಬೆಳಿಗ್ಗೆ 11 ಗಂಟೆಗೆ ಒಂದು ಪಂಪ್ ತಯಾರಕ ಕಂಪನಿಯೊಂದಿಗೆ ಎರಡು ತಿಂಗಳು ಬೆನ್ನು ಹತ್ತಿ ಪಡೆದ ಭೇಟಿಯಿತ್ತು. ಅದು ಮತ್ತೆ ಸಿಗಲಿಲ್ಲ. ಆ ನಷ್ಟವನ್ನು ಯಾವ ಕಾಲಮಿನಲ್ಲಿ ಬರೆಯಬೇಕೆಂದು ನನಗೆ ಇಂದಿಗೂ ತೋಚಿಲ್ಲ.

ಮಾಲೀಕರು ಕೂಗಾಡುವವರಲ್ಲ. ವೋಚರುಗಳನ್ನು ಒಂದೊಂದಾಗಿ ತಿರುವಿ ಹಾಕಿ, "ಏನ್ರೀ, ದಿಲ್ಲಿ ನಮ್ಮ ಹಿತ್ತಲದಾಗ ಐತೇನು?" ಎಂದಷ್ಟೇ ಕೇಳಿದರು. ವರ್ಕ್ಸ್ ಮ್ಯಾನೇಜರ್ ಮರಳಿ ಬಂದ ಮೇಲೆ ಹೇಳಿದ ಮಾತು ನನಗೆ ಹೆಚ್ಚು ಉಪಯೋಗಕ್ಕೆ ಬಂತು. "ನೀವು ಮಾಡಿದ್ದು ಕೋಲ್ಡ್ ಶಟ್" ಎಂದರು. ಅಚ್ಚಿನೊಳಗೆ ಎರಡು ಕಡೆಯಿಂದ ಹರಿದು ಬರುವ ಲೋಹವು ಒಂದನ್ನೊಂದು ಮುಟ್ಟುವ ಹೊತ್ತಿಗೆ ಆರಿಬಿಟ್ಟಿದ್ದರೆ, ಎರಡೂ ಕೂಡಿದಂತೆ ಕಾಣುತ್ತವೆಯೇ ಹೊರತು ಬೆಸೆದುಕೊಳ್ಳುವುದಿಲ್ಲ. ಹೊರಗೆ ಕೂದಲೆಳೆಯಷ್ಟು ಗೆರೆ ಕಾಣಬಹುದು, ಕಾಣದೆಯೂ ಇರಬಹುದು. ಒತ್ತಡದ ಪರೀಕ್ಷೆಗೆ ಹಚ್ಚಿದಾಗ ನೀರು ಅಲ್ಲಿಂದಲೇ ಒಸರುತ್ತದೆ. ನನ್ನ ಪ್ರಯಾಣಪಟ್ಟಿಯಲ್ಲಿ ಎರಡು ಟಿಕೆಟ್‌ಗಳು ಒಂದರ ಕೆಳಗೊಂದು ಅಚ್ಚುಕಟ್ಟಾಗಿ ಕುಳಿತಿದ್ದವು, ಅಷ್ಟೇ. ಅವುಗಳ ನಡುವೆ ಬೆಸುಗೆ ಇರಲಿಲ್ಲ.

ಅಂದಿನಿಂದ ಯಾವ ಟಿಕೆಟ್ ಬಂದರೂ ನಾನು ಮೊದಲು ಹುಡುಕುವುದು ಆ ಗೆರೆಯನ್ನು. ಇ-ಟಿಕೆಟ್ಟಿಗೆ 13 ಅಂಕಿಗಳ ಸಂಖ್ಯೆ ಇರುತ್ತದೆ; ಅದರ ಮೊದಲ ಮೂರು ಅಂಕಿಗಳು ಟಿಕೆಟ್ ಕೊಟ್ಟ ಕಂಪನಿಯ ಗುರುತು. ಎರಡು ಕಂಪನಿಗಳ ವಿಮಾನಗಳಿದ್ದರೂ, ಅವುಗಳ ನಡುವೆ ಒಪ್ಪಂದವಿದ್ದು ಪೂರ್ತಿ ದಾರಿ ಒಂದೇ ಟಿಕೆಟ್ಟಿನಲ್ಲಿ ಬಂದಿದ್ದರೆ ಚಿಂತೆ ಕಡಿಮೆ. ಅಂತರ್ಜಾಲದ ಕೆಲವು ಮಾರಾಟಗಾರರು ಎರಡು ಬೇರೆ ಟಿಕೆಟ್‌ಗಳನ್ನು ಒಂದೇ ಪ್ರಯಾಣದಂತೆ ಜೋಡಿಸಿ ತೋರಿಸಿ, ಮೂಲೆಯಲ್ಲಿ ಸಣ್ಣದಾಗಿ 'ಸೆಲ್ಫ್ ಟ್ರಾನ್ಸ್‌ಫರ್' ಎಂದು ಬರೆದಿರುತ್ತಾರೆ. ಆ ಎರಡು ಪದಗಳ ಅರ್ಥ ಹೀಗೆ: ನಡುವಿನ ಊರಿನಲ್ಲಿ ಲಗೇಜನ್ನು ನೀವೇ ಬಿಡಿಸಿಕೊಂಡು ಮತ್ತೆ ಒಪ್ಪಿಸಬೇಕು, ಅದು ಪರದೇಶವಾಗಿದ್ದರೆ ಒಳಗೆ ಬರಲು ಅಲ್ಲಿನ ವೀಸಾ ಬೇಕು, ತಡವಾದರೆ ಯಾರೂ ಜವಾಬ್ದಾರರಲ್ಲ. ಲಂಡನ್ನಿನಲ್ಲಿ ಹೀಗೆ ವಿಮಾನ ಬದಲಿಸುವ ಅಗ್ಗದ ಟಿಕೆಟ್ ಒಂದನ್ನು ನೆರೆಮನೆಯವರು ತಂದು ತೋರಿಸಿದಾಗ, ಅವರ ಮಗನ ಬಳಿ ಬ್ರಿಟನ್ನಿನ ವೀಸಾ ಇಲ್ಲವೆಂಬ ಒಂದೇ ಕಾರಣಕ್ಕೆ ಬೇಡವೆಂದೆ. ಓದಲು ಅಮೆರಿಕಕ್ಕೆ ಹೋಗುವ ಮಕ್ಕಳು ಸಾಮಾನ್ಯವಾಗಿ 23 ಕಿಲೋದ ಎರಡು ಪೆಟ್ಟಿಗೆಗಳನ್ನು ಒಯ್ಯುತ್ತಾರೆ. ಚಟ್ನಿಪುಡಿ, ರೊಟ್ಟಿ, ಕುಂದಾ ಎಲ್ಲ ಅದರಲ್ಲೇ. ಅವರು ಬೆಂಗಳೂರಿನವರೆಗೆ ಬೇರೆ ಟಿಕೆಟ್ಟಿನಲ್ಲಿ ವಿಮಾನ ಹತ್ತುವುದಕ್ಕಿಂತ ರೈಲಿನಲ್ಲೋ ಬಸ್ಸಿನಲ್ಲೋ ಹೋಗುವುದು ಲೇಸು. 2025ರ ಆಗಸ್ಟ್‌ನಿಂದ ವಂದೇ ಭಾರತ್ ಬೆಳಗಾವಿಯಿಂದಲೇ ಹೊರಡುತ್ತಿರುವುದರಿಂದ ರಾತ್ರಿಯ ವಿಮಾನಗಳಿಗೆ ಅದು ಹೊಂದುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ದೂರದ ಊರಿನಿಂದ ಹೊರಡುವ ಟಿಕೆಟ್ಟನ್ನೇ ನಾನು ಮತ್ತೊಮ್ಮೆ ತೆಗೆಸಿದ್ದನ್ನೂ ಹೇಳಬೇಕು. ಮಾಲೀಕರು ಷಿಕಾಗೋದ ಗಿರಾಕಿಯನ್ನು ನೋಡಲು ಹೋಗಬೇಕಾಗಿತ್ತು. ಮೊಣಕಾಲಿನ ನೋವಿನಿಂದಾಗಿ ಬಿಸಿನೆಸ್ ದರ್ಜೆ ಅನಿವಾರ್ಯ. ಬೆಂಗಳೂರಿನಿಂದ 4,60,000 ಇದ್ದದ್ದು ಕೊಲಂಬೊದಿಂದ 3,05,000 ಇತ್ತು. ಇಕಾನಮಿಯಲ್ಲಿ ಹತ್ತಿಪ್ಪತ್ತು ಸಾವಿರದ ಅಂತರವನ್ನು ಪೂರಕ ಖರ್ಚೇ ನುಂಗುತ್ತದೆ. ಬಿಸಿನೆಸ್ ದರ್ಜೆಯಲ್ಲಿ ಅಂತರ ದೊಡ್ಡದು, ಪೂರಕ ಖರ್ಚು ಮಾತ್ರ ಅಷ್ಟೇ. ಬೆಂಗಳೂರು-ಕೊಲಂಬೊ ಹೋಗಿಬರಲು 22,000, ಹೋಗುವಾಗ ಒಂದು, ಬರುವಾಗ ಒಂದು ರಾತ್ರಿ ಹೋಟೆಲಿಗೆ 18,000 ಕಳೆದರೂ ಒಂದು ಲಕ್ಷಕ್ಕೆ ಮೇಲ್ಪಟ್ಟು ಉಳಿಯುತ್ತಿತ್ತು. ಈ ಸಲ ಎರಡು ಟಿಕೆಟ್‌ಗಳ ನಡುವೆ ಗಂಟೆಗಳನ್ನಲ್ಲ, ಪೂರ್ತಿ ಒಂದು ರಾತ್ರಿಯನ್ನು ಇಟ್ಟೆ. ಶ್ರೀಲಂಕಾ ಪ್ರವೇಶದ ಅನುಮತಿಯನ್ನು ಮೊದಲೇ ಪಡೆದೆ. ಮಾದರಿಗಳನ್ನು ಕೊರಿಯರ್ ಮೂಲಕ ಕಳಿಸಿದೆ. ದಾರಿ ದಕ್ಷಿಣಕ್ಕೆ ಹೋಗಿ ಮತ್ತೆ ಪಶ್ಚಿಮಕ್ಕೆ ತಿರುಗುವುದನ್ನು ನಕ್ಷೆಯಲ್ಲಿ ಕಂಡು, "ಕೊಲಂಬೊದ ತುಕಡಿ ಬಿಟ್ಟು ನಡುವೆ ಹತ್ತಿದರೆ ಹೆಂಗ?" ಎಂದು ಅವರು ಕೇಳಿದರು. ಮೊದಲ ತುಕಡಿಯನ್ನು ಬಳಸದಿದ್ದರೆ ಉಳಿದದ್ದೆಲ್ಲ ರದ್ದು ಎಂಬುದನ್ನು ದಿಲ್ಲಿಯ ವೋಚರು ತೋರಿಸಿಯೇ ವಿವರಿಸಿದೆ. ತೆರಿಗೆಯ ಲೆಕ್ಕವನ್ನು ಲೆಕ್ಕಪತ್ರ ವಿಭಾಗಕ್ಕೆ ಬಿಟ್ಟೆ. ಬಿಸಿನೆಸ್ ದರ್ಜೆಯ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 18ಕ್ಕೆ ಏರಿರುವುದರಿಂದ, ಅದನ್ನು ಮರಳಿ ಪಡೆಯಲಾಗದ ಖಾಸಗಿ ಪ್ರಯಾಣಿಕರು ಮಾತ್ರ ಈಗ ಈ ಹೋಲಿಕೆಯನ್ನು ತೆರಿಗೆ ಸೇರಿಸಿಯೇ ಮಾಡಬೇಕು.

ಮುಂದಿನ ಜಿಫಾ 2027ರಲ್ಲಿದೆ. ನಾಲ್ವರು ಹೋಗುವುದೆಂದು ಈಗಾಗಲೇ ಮಾತಾಗಿದೆ. ನಾನು ಹೋಲಿಕೆಯ ಪಟ್ಟಿಯನ್ನು ತೆರೆದಿಟ್ಟಿದ್ದೇನೆ; ಅದರ ಮೊದಲ ಕಾಲಮಿನಲ್ಲಿ ಈಗ ವಿಮಾನ ನಿಲ್ದಾಣದ ಹೆಸರಿಲ್ಲ, ಉದ್ಯಮಬಾಗದ ನಮ್ಮ ಗೇಟಿನ ಹೆಸರಿದೆ. ದರದ ಕಾಲಮು ಕೊನೆಯದು. ಪ್ಯಾಟರ್ನ್ ವಿಭಾಗದ ಹಿರಿಯರು ನಿವೃತ್ತರಾಗಿದ್ದಾರೆ; ಆದರೂ ಮೊನ್ನೆ ಗೇಟಿನ ಬಳಿ ಸಿಕ್ಕಾಗ, ಈ ಸಲ ಕಬ್ಬಿಣವನ್ನು ಯಾರ ತಕ್ಕಡಿಯಲ್ಲಿ ತೂಗಿಸುತ್ತೀರಿ ಎಂದು ಕೇಳದೆ ಬಿಡಲಿಲ್ಲ.