ಮೋಸೆಲ್ ದಂಡೆಯ ದ್ರಾಕ್ಷಿ ರೈತರ ಮನೆಯಲ್ಲಿ, ಅಪ್ಪನ ಜೊತೆ

ಊರಿಂದ ಬಂದ ಅಪ್ಪ ಅಮ್ಮನನ್ನು ಜರ್ಮನಿಯಲ್ಲಿರುವ ನಾವೆಲ್ಲ ಕಲೋನ್ ಚರ್ಚಿಗೋ ಹೈಡಲ್‌ಬರ್ಗ್ ಕೋಟೆಗೋ ಕರೆದುಕೊಂಡು ಹೋಗುತ್ತೇವೆ. ನನ್ನ ಅಪ್ಪನಿಗೆ ಕೋಟೆ ಚರ್ಚು ಬೇಕಿರಲಿಲ್ಲ. ದೇವನಹಳ್ಳಿ ಕಡೆ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯುವವರು ಅವರು. ಫ್ರಾಂಕ್‌ಫರ್ಟಿನ ಅಂಗಡಿಯಲ್ಲೂ ಮೊದಲು ಕೇಳಿದ್ದು ದ್ರಾಕ್ಷಿ ಕೆಜಿಗೆ ಎಷ್ಟು ಅಂತ. ಹಾಗಾಗಿ 2025ರ ಸೆಪ್ಟೆಂಬರ್ ಕೊನೆಗೆ, ಅಲ್ಲಿ ಕೊಯ್ಲು ನಡೆಯುವ ಹೊತ್ತಿಗೆ, ಮೋಸೆಲ್ ನದಿಯ ಕಣಿವೆಗೆ ಹೊರಟೆವು. ಉಳಿದುಕೊಂಡಿದ್ದು ಬ್ರೆಮ್ ಎಂಬ ಹಳ್ಳಿಯ ಹತ್ತಿರ, ದ್ರಾಕ್ಷಿ ಬೆಳೆದು ವೈನ್ ಮಾಡುವ ಒಂದು ಮನೆಯಲ್ಲಿ.

ಮೋಸೆಲ್ ದಂಡೆಯ ಹಳ್ಳಿಗಳಲ್ಲಿ ಇದು ಮಾಮೂಲಿ. ಕೆಳಗೆ ವೈನ್ ಪೀಪಾಯಿಗಳ ನೆಲಮಾಳಿಗೆ, ನಡುವೆ ಮನೆಯವರು, ಮೇಲೆ ಅತಿಥಿಗಳಿಗೆ ನಾಲ್ಕೈದು ರೂಮು. ರೂಮು ಖಾಲಿ ಇದ್ದರೆ ಬಾಗಿಲ ಹತ್ತಿರ 'ತ್ಸಿಮ್ಮರ್ ಫ್ರೈ' ಅಂತ ಬೋರ್ಡು ನೇತು ಹಾಕಿರುತ್ತಾರೆ. ಬಾಡಿಗೆಯಲ್ಲೇ ಬೆಳಗಿನ ತಿಂಡಿ ಸೇರಿರುತ್ತದೆ. ಕೋಬ್ಲೆನ್ಸ್‌ನಿಂದ ರೈಲು. ಕೋಖೆಮ್ ದಾಟಿದ ಕೂಡಲೇ ನಾಲ್ಕು ಕಿಲೋಮೀಟರಿಗೂ ಉದ್ದದ ಸುರಂಗ ಬರುತ್ತದೆ, 1879ರಲ್ಲಿ ರೈಲು ಓಡಾಟ ಶುರುವಾಗಿದ್ದು. ಅದರಿಂದ ಹೊರಬಂದರೆ ಎಡಿಗರ್-ಎಲ್ಲರ್ ಸ್ಟೇಷನ್. ಮನೆಯ ಯಜಮಾನರೇ ಕಾರು ತಂದಿದ್ದರು. ಕೈಯೆಲ್ಲಾ ದ್ರಾಕ್ಷಿ ರಸದ ಅಂಟು, ಅದಕ್ಕೇ ಕೈ ಕುಲುಕದೆ ಮೊಣಕೈ ಚಾಚಿದರು. ಅಪ್ಪನಿಗೆ ಅವರು ಅಲ್ಲೇ ಹಿಡಿಸಿಬಿಟ್ಟರು.

ಬ್ರೆಮ್ ಹತ್ತಿರ ನದಿ ಹೆಚ್ಚುಕಡಿಮೆ ಪೂರ್ತಿ ಸುತ್ತು ಹಾಕಿ ತಿರುಗುತ್ತದೆ. ಆ ತಿರುವಿನ ಮೇಲೆ ಕಾಲ್ಮಾಂಟ್ ಗುಡ್ಡ. ಯೂರೋಪಿನ ಅತಿ ಕಡಿದಾದ ದ್ರಾಕ್ಷಿ ತೋಟ ಅಂತ ಹೆಸರಾಗಿದೆ. ಕೆಲವು ಕಡೆ ಇಳಿಜಾರು 65 ಡಿಗ್ರಿ. ಅಪ್ಪ ಕಾರಿನಿಂದ ಇಳಿದು ಕತ್ತು ಮೇಲೆತ್ತಿ ಬಹಳ ಹೊತ್ತು ನೋಡಿದರು. "ಇದ್ರ ಮೇಲೆ ಜನ ಹತ್ತಿ ಕೆಲ್ಸ ಮಾಡ್ತಾರೇನಮ್ಮಾ?"

ಮಾಡುತ್ತಾರೆ. ಟ್ರ್ಯಾಕ್ಟರ್ ಹೋಗುವುದಿಲ್ಲ. ಗುಡ್ಡದುದ್ದಕ್ಕೂ ಹಲ್ಲುಗಳಿರುವ ಒಂದೇ ಕಂಬಿ ಹಾಕಿದ್ದಾರೆ. ಪುಟ್ಟ ಎಂಜಿನ್ನು ಆ ಕಂಬಿಯನ್ನು ಕಚ್ಚಿಕೊಂಡು ಮೇಲೇರುತ್ತದೆ, ಹಿಂದೆ ತೊಟ್ಟಿಯಂಥ ಗಾಡಿ. ಕೆಲಸದವರು, ಕ್ರೇಟು, ಗೊಬ್ಬರ, ಎಲ್ಲ ಅದರಲ್ಲೇ. ಔಷಧಿ ಹೊಡೆಯಲು ಇಂಥ ಕಡೆ ಹೆಲಿಕಾಪ್ಟರ್ ಬರುತ್ತದೆ, ಈಗೀಗ ಡ್ರೋನ್ ಕೂಡ. ನಮ್ಮಲ್ಲಿ ಕಲ್ಲುಕಂಬ ನೆಟ್ಟು ತಂತಿ ಎಳೆದು ಚಪ್ಪರಕ್ಕೆ ಬಳ್ಳಿ ಹಬ್ಬಿಸುತ್ತೇವೆ ಅಲ್ವಾ? ಇಲ್ಲಿನ ಹಳೇ ಪದ್ಧತಿಯಲ್ಲಿ ಬಳ್ಳಿಗೊಂದು ಗೂಟ. ಎರಡು ಕಡ್ಡಿಯನ್ನು ಬಾಗಿಸಿ ಕೆಳಗೆ ತಂದು ಅದೇ ಗೂಟಕ್ಕೆ ಕಟ್ಟುತ್ತಾರೆ. ಆಗ ಯಾವ ಬಳ್ಳಿಯನ್ನಾದರೂ ಸುತ್ತಲಿಂದ ಹಿಡಿದು ಕೆಲಸ ಮಾಡಬಹುದು, ಸಾಲು ದಾಟಿ ಅಡ್ಡಕ್ಕೂ ನಡೆಯಬಹುದು.

ಅಪ್ಪನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ನೀರು ಎಲ್ಲಿಂದ? ಡ್ರಿಪ್ ಪೈಪು ಎಲ್ಲೂ ಕಾಣಲಿಲ್ಲ. ಯಜಮಾನರು ಹೇಳಿದರು, ಸಸಿ ನೆಟ್ಟ ಮೊದಲ ವರ್ಷಗಳಲ್ಲಿ ಬಿಸಿಲು ಜೋರಾದರೆ ನೀರು ಹೊತ್ತು ಹಾಕುತ್ತೇವೆ, ಆಮೇಲೆ ಮಳೆ ಎಷ್ಟೋ ಅಷ್ಟೇ. ಹಳೇ ಬಳ್ಳಿಗಳ ಬೇರು ಕಲ್ಲಿನ ಸಂದಿನಲ್ಲಿ ಆಳಕ್ಕೆ ಇಳಿದಿರುತ್ತದೆ. ಕೆಳಗೆ ಅಷ್ಟು ದೊಡ್ಡ ನದಿ, ಮೇಲೆ ಒಂದು ಪಂಪೂ ಇಲ್ಲ. ಸಾವಿರ ಅಡಿ ದಾಟಿ ಬೋರ್ ಕೊರೆಸಿ, ಅದೂ ಬತ್ತಿ, ಇನ್ನೊಂದು ಕೊರೆಸಿದ ಮನುಷ್ಯ ನನ್ನ ಅಪ್ಪ. ಅವರಿಗೆ ಇದನ್ನು ಅರಗಿಸಿಕೊಳ್ಳಲು ಹೊತ್ತು ಹಿಡಿಯಿತು.

ಅಲ್ಲಿ ಮಣ್ಣು ಅನ್ನುವುದೇ ಕಡಿಮೆ. ನೆಲದ ತುಂಬ ಕಪ್ಪು ಕಲ್ಲಿನ ಚಪ್ಪಟೆ ಚೂರುಗಳು, ಸ್ಲೇಟ್ ಕಲ್ಲು. ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಆ ಶಾಖವನ್ನು ಬಳ್ಳಿಗೆ ಬಿಡುತ್ತದೆ. ಈ ಚಳಿ ದೇಶದಲ್ಲಿ ರೀಸ್ಲಿಂಗ್ ದ್ರಾಕ್ಷಿ ಹಣ್ಣಾಗಲು ಅದು ಬೇಕೇ ಬೇಕು. ಸಂಜೆ ಏಳರ ಹೊತ್ತಿಗೆ ನಮಗೆ ಜಾಕೆಟ್ ಬೇಕೆನಿಸಿತ್ತು. ಅಪ್ಪ ಬಗ್ಗಿ ಒಂದು ಚೂರು ಎತ್ತಿದರು, ಇನ್ನೂ ಬೆಚ್ಚಗಿತ್ತು. ಅದನ್ನು ನನ್ನ ಕೆನ್ನೆಗೂ ಒತ್ತಿ ತೋರಿಸಿದರು.

ಮರುದಿನ ಕೊಯ್ಲಿನಲ್ಲಿ ಯಜಮಾನರು ಒಂದು ಕಾಯಿ ಹಿಸುಕಿ ರಸದ ಸಕ್ಕರೆ ಅಳೆಯುವ ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಎರಡು ಹನಿ ಬಿಟ್ಟು ಅಪ್ಪನ ಕೈಗೆ ಕೊಟ್ಟರು. ಅಪ್ಪ ಅದನ್ನು ಬೆಳಕಿನ ಕಡೆ ಹಿಡಿದು ಒಂದು ಕಣ್ಣು ಮುಚ್ಚಿದರು, ಯಾರೂ ಹೇಳಿಕೊಡಬೇಕಾಗಲಿಲ್ಲ. ನೀಲಿ ಗೆರೆ 84ರ ಹತ್ತಿರ ನಿಂತಿತ್ತು. ಜರ್ಮನಿಯವರ ಅಳತೆ ಎಕ್ಸ್ಲೆ. ಒಂದು ಲೀಟರ್ ರಸ ಒಂದು ಲೀಟರ್ ನೀರಿಗಿಂತ ಎಷ್ಟು ಗ್ರಾಂ ಜಾಸ್ತಿ ತೂಗುತ್ತದೆ ಅನ್ನುವುದರ ಲೆಕ್ಕ. ನಮ್ಮಲ್ಲಿ ಸಕ್ಕರೆ ಅಂಶ ಅಳೆಯುವುದು ಬ್ರಿಕ್ಸ್‌ನಲ್ಲಿ. "ನಮ್ಮ ಲೆಕ್ಕದಲ್ಲಿ ಇಪ್ಪತ್ತು ಬ್ರಿಕ್ಸ್ ಆಯ್ತು" ಅಂದರು ಅಪ್ಪ. ನಾನು ಜರ್ಮನ್‌ನಲ್ಲಿ ಹೇಳುವ ಮೊದಲೇ 'ಬ್ರಿಕ್ಸ್' ಕೇಳಿ ಯಜಮಾನರು ತಲೆಯಾಡಿಸಿದರು. ಮುಂದೆ ಶೆಡ್ಡಿನಲ್ಲಿ ಹಳೇ ಡ್ರಮ್ಮಿನ ಮೇಲಿದ್ದ ನೀಲಿ ಕಲೆ ತೋರಿಸಿ ಅಪ್ಪ ಜೋರಾಗಿ "ಮೈಲುತುತ್ತ!" ಅಂದಾಗಲೂ ನನ್ನ ಅಗತ್ಯ ಬೀಳಲಿಲ್ಲ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಬೂಜು ರೋಗಕ್ಕೆ ಅಲ್ಲೂ ಇಲ್ಲೂ ಹೊಡೆಯುವುದು ತಾಮ್ರವನ್ನೇ. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹುಟ್ಟಿದ್ದೇ 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ.

ತಿಂಡಿ ಅಂದರೆ ಬಿಸಿ ಬನ್ನು, ಬೆಣ್ಣೆ, ಚೀಸ್, ಬೇಯಿಸಿದ ಮೊಟ್ಟೆ, ಮತ್ತೆ ಆ ಕಣಿವೆಯ ಕೆಂಪು ಪೀಚ್ ಹಣ್ಣಿನ ಜಾಮ್. ಈ ಪೀಚ್ ಮರಗಳನ್ನು ತೋಟದ ಬದಿಗಳಲ್ಲಿ ಬೆಳೆಸುತ್ತಾರೆ. ಹಣ್ಣು ಹಸಿಯಾಗಿ ತಿನ್ನಲು ಒಗರು, ಜಾಮ್ ಮಾತ್ರ ಅದ್ಭುತ. ಅಪ್ಪ ಕುಡಿಯುವವರಲ್ಲ, ಅವರಿಗೆ ಅಂತ ಹೊಸದಾಗಿ ಹಿಂಡಿದ ದ್ರಾಕ್ಷಿ ರಸ ಜಗ್ಗಿನಲ್ಲಿ ಇಟ್ಟಿದ್ದರು. ನಾವು ಒಯ್ದಿದ್ದ ಹುರಿದ ಕಡ್ಲೆಕಾಯಿ ಬೀಜ ಯಜಮಾನತಿಗೆ ಇಷ್ಟವಾಯಿತು.

ಆ ಮೇಜಿನ ಮೇಲಿನ ಮಾತು ನನಗೆ ಈಗಲೂ ಕಾಡುತ್ತದೆ. ಕೂಲಿಗೆ ಪೋಲೆಂಡ್, ರೊಮೇನಿಯಾದಿಂದ ಜನ ಬರುತ್ತಾರೆ. 2025ರಲ್ಲಿ ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ. ಕಡಿದಾದ ತೋಟದಲ್ಲಿ ಸಮತಟ್ಟು ನೆಲದ ಹಲವು ಪಟ್ಟು ಕೆಲಸ. ಗುಡ್ಡದ ಮೇಲೆ ಅಲ್ಲಲ್ಲಿ ಪೊದೆ ಬೆಳೆದ ಪಟ್ಟೆಗಳು ಕಂಡವಲ್ಲ, ಅವು ಮಕ್ಕಳು ಬೇಡವೆಂದು ಬಿಟ್ಟ ತೋಟಗಳು. "ಈ ರೂಮುಗಳ ಬಾಡಿಗೆ ಇಲ್ಲದಿದ್ದರೆ ನಾವೂ ಬಿಟ್ಟಿರುತ್ತಿದ್ದೆವು" ಅಂದರು ಯಜಮಾನತಿ. ಅದನ್ನು ಕನ್ನಡದಲ್ಲಿ ಹೇಳುವಾಗ ನನ್ನ ದನಿ ಸ್ವಲ್ಪ ತಡವರಿಸಿತು. ಊರು ಬಿಟ್ಟು ಬಂದ ಮಕ್ಕಳಲ್ಲಿ ನಾನೂ ಒಬ್ಬಳು.

2008ರಲ್ಲಿ ಏರ್‌ಪೋರ್ಟ್ ಬಂದ ಮೇಲೆ ನಮ್ಮ ಕಡೆ ಎಷ್ಟು ಚಪ್ಪರಗಳು ಲೇಔಟ್ ಆದವು ಅಂತ ಊರವರಿಗೆಲ್ಲ ಗೊತ್ತು. ಬೆಂಗಳೂರು ಬ್ಲೂಗೆ 2013ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು, ಒಳ್ಳೆಯದೇ. ಆದರೆ ಬೆಂಗಳೂರಿನ ಜನ ಆ ಹಣ್ಣನ್ನು ನೋಡುವುದು ತಳ್ಳುಗಾಡಿಯಲ್ಲಿ ಮಾತ್ರ. ದೊಡ್ಡ ವೈನರಿಗಳ ಟೂರ್ ಇದೆ, ಇರಲಿ. ನನಗೆ ಬೇಕಿರುವುದು ಎರಡು ಮೂರು ಎಕರೆ ರೈತನ ಮನೆಯಲ್ಲಿ ರೂಮು. ಅತಿಥಿ ಬೆಳಗ್ಗೆ ಎದ್ದು ಚಪ್ಪರದ ಕೆಳಗೆ ನಡೆಯಲಿ, ಗೊನೆ ಕತ್ತರಿಸಲಿ, ಮಾರ್ಕೆಟ್ ರೇಟು ಎಷ್ಟು ಅಂತ ರೈತನ ಬಾಯಿಂದಲೇ ಕೇಳಲಿ. ಅಲ್ಲಿ ವರ್ಷಕ್ಕೆ ಒಂದೇ ಬೆಳೆ, ನಮ್ಮಲ್ಲಿ ಎರಡು. ಬೆಂಗಳೂರಿನಿಂದ ಒಂದೂವರೆ ಗಂಟೆ ದಾರಿ. ಯಾಕಾಗಬಾರದು?

ಅಪ್ಪ ವಾಪಸ್ ಹೋದವರೇ ಪಂಪ್‌ಹೌಸ್ ಪಕ್ಕದ ಹಳೇ ಗೋಡೌನನ್ನು ಅಳತೆ ಮಾಡಿ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದಾರೆ. ಎರಡು ರೂಮು, ಒಂದು ಬಾತ್‌ರೂಮು ಆಗುತ್ತದಂತೆ. ನನ್ನ ತಮ್ಮ ಎಸ್ಟಿಮೇಟ್ ಹಾಕಿಸುತ್ತಿದ್ದಾನೆ. ಅಮ್ಮನೂ ಒಪ್ಪಿದ್ದಾರೆ. ಬಂದವರಿಗೆ ನಾವು ತಿನ್ನುವ ತಿಂಡಿಯನ್ನೇ ಕೊಡುವುದು, ಬ್ರೆಡ್ಡು ಗಿಡ್ಡು ಇಲ್ಲ ಅಂತ ಷರತ್ತು ಹಾಕಿದ್ದಾರೆ.